ಶುಶ್ರೂಷಕಿಯೊಬ್ಬರ ಸೇವೆಯನ್ನು ಗುರುತಿಸಲು ಸೂಕ್ತ ಮಾರ್ಗ ಯಾವುದು?

ಪ್ರಶ್ನೆ:
ನಮ್ಮ ತಂದೆಯವರು ತೀವ್ರ ನಿಗಾ ಘಟಕದಲ್ಲಿದ್ದಾಗ ರಾತ್ರಿ ಪಾಳಿಯ ನರ್ಸ್ ಒಬ್ಬರು, ಉಸಿರಾಟದ ನಳಿಕೆಯಿಂದಾಗಿ ಮಾತನಾಡಲಾಗದ ಅವರಿಗೆ ತಾವು ಮಾಡಲಿರುವ ಪ್ರತಿಯೊಂದನ್ನೂ ಮೊದಲೇ ವಿವರಿಸಿ, ಕಣ್ಸನ್ನೆಯಿಂದ ಒಪ್ಪಿಗೆ ಪಡೆದ ನಂತರವೇ ಮುಂದುವರಿಯುತ್ತಿದ್ದರು. ಉಡುಗೊರೆಯನ್ನು ಅವರು ನಯವಾಗಿ ನಿರಾಕರಿಸಿದ್ದಾರೆ. ನಮ್ಮ ಕೃತಜ್ಞತೆಯನ್ನು ಹೇಗೆ ಸಲ್ಲಿಸಬಹುದು?

ಉತ್ತರ 1:
ಶುಶ್ರೂಷಾ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು, ಅದನ್ನು ಆ ನರ್ಸ್ ಅವರ ಸೇವಾ ದಾಖಲೆಗೆ ಸೇರಿಸುವಂತೆ ವಿನಂತಿಸಿ. ‘ಚೆನ್ನಾಗಿ ನೋಡಿಕೊಂಡರು’ ಎಂಬ ಸಾಮಾನ್ಯ ಮಾತಿಗಿಂತ, ನೀವು ಇಲ್ಲಿ ವಿವರಿಸಿದ ಆ ಕಣ್ಸನ್ನೆಯ ಸಂಗತಿಯನ್ನೇ ಘಟಕದ ಹೆಸರು ಮತ್ತು ದಿನಾಂಕದೊಂದಿಗೆ ಬರೆಯಿರಿ; ಮಾತು ಕಳೆದುಕೊಂಡ ರೋಗಿಯ ಸಮ್ಮತಿಗೂ ಬೆಲೆ ಕೊಡುವುದು ವೃತ್ತಿಕೌಶಲವೇ ಹೊರತು ಬರಿಯ ಒಳ್ಳೆಯತನವಲ್ಲ.

ಉತ್ತರ 2:
ಆಸ್ಪತ್ರೆಯು ನರ್ಸುಗಳಿಗೆ ನೀಡುವ ‘ಡೈಸಿ’ ಪ್ರಶಸ್ತಿಯ ಯೋಜನೆಯಲ್ಲಿದೆಯೇ ಎಂದು ವಿಚಾರಿಸಿ. 1999ರಲ್ಲಿ ಅಮೆರಿಕದಲ್ಲಿ ನಿಧನರಾದ ಪ್ಯಾಟ್ರಿಕ್ ಬಾರ್ನ್ಸ್ ಅವರ ಕುಟುಂಬದವರು, ಅವರನ್ನು ಆರೈಕೆ ಮಾಡಿದ ನರ್ಸುಗಳ ಕರುಣೆಯನ್ನು ನೆನೆದು ಇದನ್ನು ಆರಂಭಿಸಿದರು. ರೋಗಿಗಳೂ ಕುಟುಂಬದವರೂ ನಾಮನಿರ್ದೇಶನ ಮಾಡಬಹುದೆಂಬುದೇ, ನನ್ನ ದೃಷ್ಟಿಯಲ್ಲಿ, ಇದರ ಹಿರಿಮೆ.

ಉತ್ತರ 3:
ಮೇ 12ರ ಅಂತರರಾಷ್ಟ್ರೀಯ ನರ್ಸುಗಳ ದಿನದವರೆಗೆ ಕಾಯಬೇಡಿ. ನೆನಪು ಹಸಿಯಾಗಿರುವಾಗಲೇ ಬರೆಯಿರಿ. ಆದರೆ ಅವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಜಾಲತಾಣದಲ್ಲಿ ಪ್ರಕಟಿಸುವ ಮೊದಲು ಅವರ ಅನುಮತಿ ಕೇಳಿ.