ಬೆಳಗಿನ ಮೊದಲ ಹೆಜ್ಜೆಗೇ ಹಿಮ್ಮಡಿ ನೋವು: ಏನು ಮಾಡಬೇಕು?

ಪ್ರಶ್ನೆ: ಅಮ್ಮನಿಗೆ 52. ಬೆಳಿಗ್ಗೆ ಎದ್ದು ಕಾಲೂರಿದರೆ ಬಲ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗೆ ನೋವು, ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆಯಂತೆ. ಆಪರೇಷನ್ ಬೇಕಾಗುತ್ತದಾ?

ಉತ್ತರ 1: ಆ ಮೂಳೆಯ ಭಯ ಮೊದಲು ಬಿಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅಂಥ ಮುಳ್ಳು ಕಾಣುತ್ತದೆ. ನೀವು ಹೇಳಿದ ಲಕ್ಷಣ ಹೆಚ್ಚಾಗಿ ಪ್ಲಾಂಟರ್ ಫೇಸಿಯೈಟಿಸ್‌ನದು, ಅಂದರೆ ಅಂಗಾಲಿನ ಪಟ್ಟಿಯ ನೋವು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನೊಳಗೆ ದಪ್ಪನೆಯ ಪಟ್ಟಿಯೊಂದಿದೆ. ರಾತ್ರಿಯೆಲ್ಲ ಬಿಗಿದುಕೊಂಡಿದ್ದ ಅದರ ಮೇಲೆ ಎದ್ದ ಕೂಡಲೇ ಮೈಭಾರ ಬಿದ್ದರೆ ಮೂಳೆಗೆ ಅಂಟಿದ ಜಾಗದಲ್ಲಿ ಜಗ್ಗುತ್ತದೆ. ಅದಕ್ಕೇ ವ್ಯಾಯಾಮ ಮಂಚದ ಮೇಲೇ ಆಗಬೇಕು. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನೂ ಪಾದವನ್ನೂ ಕೈಯಿಂದ ತಮ್ಮ ಕಡೆಗೆ ಬಗ್ಗಿಸಿ 10 ಎಣಿಸುವವರೆಗೆ ಹಿಡಿಯಲಿ. ಹೀಗೆ 10 ಸಲ. ಅಂಗಾಲು ಮುಟ್ಟಿದರೆ ಪಟ್ಟಿ ತಂತಿಯಂತೆ ಬಿಗಿದಿರಬೇಕು. ಬಿಗಿದಿಲ್ಲವೆಂದರೆ ಬರೀ ಬೆರಳು ಬಗ್ಗಿದೆ ಅಷ್ಟೇ. ದಿನಕ್ಕೆ 3 ಬಾರಿ, ಬಹಳ ಹೊತ್ತು ಕೂತು ಏಳುವ ಮುಂಚೆಯೂ ಮಾಡಿಸಿ.

ಉತ್ತರ 2: ಮೀನಖಂಡ ಬಿಗಿಯಾಗಿದ್ದರೆ ಇಷ್ಟೇ ಸಾಲದು. ಗೋಡೆಗೆ ಕೈ ಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಮಂಡಿ ನೆಟ್ಟಗಿಟ್ಟು ಮುಂದಕ್ಕೆ ವಾಲಿ 30 ಸೆಕೆಂಡ್, 3 ಸಲ. ಹಿಮ್ಮಡಿ ನೆಲ ಬಿಟ್ಟರೆ ಅಥವಾ ಪಾದ ಹೊರಕ್ಕೆ ತಿರುಗಿದರೆ ಪ್ರಯೋಜನವಿಲ್ಲ. ಬಹಳ ಜನ ತಪ್ಪುವುದೇ ಇಲ್ಲಿ. ನೋವು ತಗ್ಗಿದ ಮೇಲೆ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿ ಎತ್ತುವುದು: 3 ಸೆಕೆಂಡ್ ಮೇಲಕ್ಕೆ, 2 ಸೆಕೆಂಡ್ ನಿಲುಗಡೆ, 3 ಸೆಕೆಂಡ್ ಕೆಳಕ್ಕೆ, ದಿನ ಬಿಟ್ಟು ದಿನ. ಗುಣವಾಗಲು ತಿಂಗಳುಗಳೇ ಬೇಕು. ದಯವಿಟ್ಟು ಎರಡು ವಾರಕ್ಕೆ ಕೈಬಿಡಬೇಡಿ.

ಉತ್ತರ 3: ಮನೆಯಲ್ಲಿ ಗ್ರಾನೈಟ್ ನೆಲವೇ? ಹಾಗಾದರೆ ಅಡುಗೆಮನೆಯಲ್ಲೂ ಚಪ್ಪಲಿ ಬೇಕು. ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಸಾಕು, ದುಬಾರಿಯದ್ದೇ ಆಗಬೇಕಿಲ್ಲ. ನಡುಮಧ್ಯದಲ್ಲಿ ಮಡಚಿಕೊಳ್ಳುವ ಚಪ್ಪಲಿ ಬೇಡ, ಬೆರಳು ಬಾಗುವ ಕಡೆ ಮಾತ್ರ ಬಾಗಬೇಕು. ಸವೆದ ಹವಾಯಿ ಇವತ್ತೇ ಬಿಸಾಡಿ.

ಉತ್ತರ 4: ನೋವು ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಹೇಳಿ. ಹಿಮ್ಮಡಿಯ ತಳದಲ್ಲಿ, ಒಳಬದಿಗೆ ಅಂದರೆ ಮೇಲಿನದೆಲ್ಲ ಸರಿ. ನಟ್ಟನಡುವೆ ಇದ್ದು ನಡೆದಷ್ಟೂ ಹೆಚ್ಚಿದರೆ ಕೊಬ್ಬಿನ ಮೆತ್ತೆ ಸವೆದಿರಬಹುದು. ಅದಕ್ಕೆ ಬೇಕಿರುವುದು ಹಿಮ್ಮಡಿಯಡಿ ಇಡುವ ಮೆತ್ತನೆಯ ಹೀಲ್ ಕಪ್. ಹಿಂಭಾಗದಲ್ಲಿದ್ದರೆ ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಅಕಿಲಿಸ್ ಸ್ನಾಯುರಜ್ಜಿನದು, ಆಗ ಮೆಟ್ಟಿಲಂಚಿನಿಂದ ಹಿಮ್ಮಡಿ ಕೆಳಗಿಳಿಸುವ ವ್ಯಾಯಾಮ ಬೇಡ. ಉರಿ, ಜೋಮು ಇದ್ದರೆ ನರದ ಸಮಸ್ಯೆ ಇರಬಹುದು. ಎರಡು ಬದಿಯಿಂದ ಹಿಮ್ಮಡಿ ಹಿಂಡಿದಾಗ ಜೋರು ನೋವಾದರೆ ಮೂಳೆಯ ಬಿರುಕಿನ ಅನುಮಾನ. ವ್ಯಾಯಾಮ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಊತ, ಜ್ವರ ಇದ್ದರೂ ಹಾಗೇ.

ಮರುಪ್ರಶ್ನೆ: ಬಿಸಿ ಇಟ್ಟಿಗೆ ಮೇಲೆ ಎಕ್ಕದ ಎಲೆ ಇಟ್ಟು ಕಾಲೂರಿ ಅಂತಾರೆ ಅಜ್ಜಿ. ಇಂಜೆಕ್ಷನ್ ತಗೊಂಡರೆ ಬೇಗ ವಾಸಿ ಅಂತಲೂ ಕೆಲವರು.

ಉತ್ತರ 4: ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಇಟ್ಟಿಗೆ ಖಂಡಿತ ಬೇಡ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗಿದರೂ ಅಪಾಯ. ಬದಲಿಗೆ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಸಂಜೆ 10 ನಿಮಿಷ ಅಂಗಾಲಿನಡಿ ಉರುಳಿಸಲಿ. ಸ್ಪರ್ಶ ಕಡಿಮೆಯಿದ್ದರೆ ಇದೂ ಬೇಡ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ಪದೇಪದೇ ಕೊಟ್ಟರೆ ಪಟ್ಟಿ ಹರಿಯುವ, ಮೆತ್ತೆ ತೆಳುವಾಗುವ ಅಪಾಯವಿದೆ. ಮೂರು ತಿಂಗಳು ವ್ಯಾಯಾಮ, ಚಪ್ಪಲಿ ಎರಡನ್ನೂ ಬಿಡದೆ ನೋಡಿ. ಆಪರೇಷನ್ ಮಾತು ಬರುವುದು ಆಮೇಲೂ ಬಹಳ ದೂರ.