ಅಮ್ಮನ ಶುಗರ್ ಇಳಿಯುತ್ತಿಲ್ಲ, ಒಸಡಿನಲ್ಲಿ ರಕ್ತ: ಶುಗರ್ ಡಾಕ್ಟರಿಗೆ ಹೇಳಬೇಕಾ?

ದಾವಣಗೆರೆ_ಮಗಳು
ಅಮ್ಮನಿಗೆ 58. ಶುಗರ್ ಬಂದು ಬಹಳ ವರ್ಷ ಆಯ್ತು. ಮಾತ್ರೆ ತಪ್ಪಿಸುವುದಿಲ್ಲ, ಸಿಹಿ ಮುಟ್ಟುವುದಿಲ್ಲ, ಆದರೂ ಮೂರು ತಿಂಗಳ ಸರಾಸರಿ 8.9ರಿಂದ ಕೆಳಗೆ ಬರುತ್ತಿಲ್ಲ. ಈಚೆಗೆ ಹಲ್ಲುಜ್ಜಿದರೆ ಬ್ರಷ್ಷೆಲ್ಲ ಕೆಂಪು. ಕೆಳಗಿನ ಎರಡು ಮುಂದಿನ ಹಲ್ಲು ನಾಲಿಗೆಯಲ್ಲಿ ತಳ್ಳಿದರೂ ಅಲ್ಲಾಡುತ್ತವೆ. ಖಡಕ್ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನಕ್ಕೆ ಬಂದಿದ್ದಾರೆ. ನಮ್ಮ ಫ್ಯಾಮಿಲಿ ಡಾಕ್ಟರ್ ಒಳ್ಳೆಯವರು, ಕಾಲು ನೋಡುತ್ತಾರೆ, ವರ್ಷಕ್ಕೊಮ್ಮೆ ಕಣ್ಣಿನ ಟೆಸ್ಟಿಗೆ ಕಳಿಸುತ್ತಾರೆ, ಬಾಯಿ ಮಾತ್ರ ಇವತ್ತಿನವರೆಗೂ ನೋಡಿಲ್ಲ. ಇದು ಅವರ ಹತ್ತಿರ ಹೇಳುವ ವಿಷಯಾನಾ? ಅಮ್ಮ ಅಂತೂ "ವಯಸ್ಸಾದ ಮೇಲೆ ಹಲ್ಲು ಹೋಗೋದೇ, ಕ್ಲೀನ್ ಮಾಡಿಸಿದರೆ ಇನ್ನೂ ಸಡಿಲ ಆಗುತ್ತೆ" ಅಂತ ಹಟ ಹಿಡಿದಿದ್ದಾರೆ.

ಒಸಡಿನ_ಡಾಕ್ಟರ್
ಖಂಡಿತ ಹೇಳಿ ಮೇಡಂ, ಮುಂದಿನ ಭೇಟಿಯವರೆಗೆ ಕಾಯಬೇಡಿ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಒಸಡಿನ ರೋಗ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ಅದು ತಿರುಗಿಯೂ ಹೊಡೆಯುತ್ತದೆ: ಒಸಡಿನಲ್ಲಿ ಸದಾ ಉರಿಯೂತ ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಶುಗರ್ ಏರುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಇಂಥ 35 ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ಒಸಡಿನ ಚಿಕಿತ್ಸೆ ಆದವರಲ್ಲಿ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ನೀವು ಹೇಳಿದ ಮೂರು ತಿಂಗಳ ಶುಗರ್ ಲೆಕ್ಕ) ಸರಾಸರಿ 0.43ರಷ್ಟು ಇಳಿದಿತ್ತು. ಹಾಗಂತ 8.9 ಇದೊಂದರಿಂದಲೇ 7ಕ್ಕೆ ಬರುವುದಿಲ್ಲ, ಮಾತ್ರೆ ನಡೀಲೇಬೇಕು.

ದಂತ ವೈದ್ಯರು ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ಸಂದಿಗೆ ಮೆಲ್ಲಗೆ ಇಳಿಸಿ ಅಳೆಯುತ್ತಾರೆ. 3 ಮಿ.ಮೀ. ವರೆಗೆ ಸರಿ. 5, 6 ಬಂದರೆ ಒಳಗೆ ಮೂಳೆ ಕರಗುತ್ತಿರಬಹುದು, ಎಕ್ಸ್‌ರೇ ಬೇಕು. ಅಮ್ಮನ ಭಯಕ್ಕೆ ಉತ್ತರ: ಹಲ್ಲು ಸಡಿಲ ಆಗಿರುವುದು ಮೂಳೆ ಕರಗಿದ್ದರಿಂದ, ಕ್ಲೀನ್ ಮಾಡಿದ್ದರಿಂದಲ್ಲ. ಗಟ್ಟಿಯಾಗಿ ಅಂಟಿಕೊಂಡ ಕೊಳೆ ತೆಗೆದು ಊತ ಇಳಿದಾಗ ಅಲ್ಲಿವರೆಗೆ ಮುಚ್ಚಿಹೋಗಿದ್ದ ಸಂದು ಕಾಣಿಸುತ್ತೆ ಅಷ್ಟೇ.

ಪಿಎಚ್‌ಸಿ_ವೈದ್ಯ
ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ನಿಮ್ಮ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ, ಧೈರ್ಯವಾಗಿ ಹೇಳಿ. ಓಪಿಡಿಯಲ್ಲಿ ಬಾಯಿ ಬಿಟ್ಟುಹೋಗುವುದು ನಿಜ, ಯಾಕಂದರೆ ಒಸಡಿನ ರೋಗ ಬಹುಪಾಲು ನೋಯುವುದಿಲ್ಲ, ಪೇಷಂಟ್ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇದು ಬದಲಾಗಲೇಬೇಕು. 30 ದಾಟಿದವರಿಗೆ ಬಿಪಿ, ಶುಗರ್ ಜೊತೆ ಬಾಯಿ ಕ್ಯಾನ್ಸರ್ ತಪಾಸಣೆಗೂ ಟಾರ್ಚ್ ಹಿಡಿದು ನೋಡುವ ಕಾರ್ಯಕ್ರಮ ಇದ್ದೇ ಇದೆ, ಅದೇ ಟಾರ್ಚ್ ಒಸಡಿನ ಮೇಲೆ ಓಡಿಸಲು ಎಷ್ಟು ಹೊತ್ತು ಬೇಕು ಹೇಳಿ? "ಉಜ್ಜಿದಾಗ ರಕ್ತ ಬರುತ್ತಾ, ಹಲ್ಲು ಅಲ್ಲಾಡುತ್ತಾ" ಅಂತ ಕೇಳಿದರೆ ಅರ್ಧ ಕೆಲಸ ಆಯ್ತು. ಬೀಡಿ ಸಿಗರೇಟ್ ಸೇದುವವರಲ್ಲಿ ರಕ್ತ ಕಮ್ಮಿ ಬರುತ್ತದೆ, ಅದನ್ನು ನಂಬಿ ಕೂರಬಾರದು.

ಇನ್ನೊಂದು, ಅಮ್ಮ ಬಿಪಿಗೆ ಆಮ್ಲೋಡಿಪಿನ್ ತಗೊಳ್ತಾರಾ? ಕೆಲವರಿಗೆ ಅದರಿಂದಲೂ ಒಸಡು ಬೆಳೆದು ಊದಿಕೊಳ್ಳುತ್ತದೆ. ಮಾತ್ರೆಗಳ ಚೀಟಿ ಒಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಹಾಸನ_ರೈತ
ನಮ್ಮಪ್ಪನಿಗೂ ಹೀಗೇ ಇತ್ತು ಅಕ್ಕಾ. ದುಡ್ಡಿನ ಯೋಚನೆ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವಿಭಾಗ ಇದೆಯಾ ಮೊದಲು ವಿಚಾರಿಸಿ. ನಾವು ಅಲ್ಲೇ ಮಾಡಿಸಿದ್ದು. ಎರಡು ಹಲ್ಲು ಉಳಿಯಲಿಲ್ಲ, ಮಿಕ್ಕವು ಗಟ್ಟಿಯಾಗಿವೆ, ಮುದ್ದೆ ಜೊತೆ ಸೊಪ್ಪಿನ ಪಲ್ಯ ಅಗಿದು ತಿನ್ನುತ್ತಾರೆ. ಮೆತ್ತಗಿನ ಅನ್ನಕ್ಕೇ ಅಂಟಿಕೊಂಡರೆ ಶುಗರ್ ಇನ್ನೂ ಏರುತ್ತೆ, ನೋಡಿ.

ದಾವಣಗೆರೆ_ಮಗಳು
ಎಲ್ಲರಿಗೂ ಥ್ಯಾಂಕ್ಸ್. ಆಮ್ಲೋಡಿಪಿನ್ ಇದೆ ಸರ್! ನಾಳೆಯೇ ಫೋನ್ ಮಾಡುತ್ತೇನೆ. ಹಲ್ಲಿನ ಡಾಕ್ಟರ್ ಹತ್ತಿರ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಒಸಡಿನ_ಡಾಕ್ಟರ್
ಬೇಡವೇ ಬೇಡ. ತಿಂಡಿ ತಿಂದು, ಮಾತ್ರೆ ತಗೊಂಡು, ಬೆಳಿಗ್ಗೆಯೇ ಬರಲಿ. ಖಾಲಿ ಹೊಟ್ಟೆಯಲ್ಲಿ ಕುರ್ಚಿ ಮೇಲೆ ಶುಗರ್ ಇಳಿದರೆ ಕಷ್ಟ. ಈಚಿನ ಎಚ್‌ಬಿಎ1ಸಿ ರಿಪೋರ್ಟ್ ತನ್ನಿ. ಚಿಕಿತ್ಸೆ ಆದ ಮೇಲೆ ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು, ಒಂದು ಸಲ ಕ್ಲೀನ್ ಮಾಡಿಸಿ ಬಿಟ್ಟರೆ ಮತ್ತೆ ಶುರುವಾಗುತ್ತೆ.