ಕುದುರೆಗೂ ಒಂದು ಡಬ್ಬಿ

"ರೈಲ್ವೆಯಲ್ಲಿ ಅತಿ ಸುಖದ ನೌಕರಿ ಯಾವುದು ಗೊತ್ತಾ?" ಕಾಫಿ ಊದುತ್ತಾ ಸೀನ ಕೇಳಿದ.

"ರಿಟೈರ್ ಆಗೋದು" ಎಂದ ಪದ್ದಣ್ಣ.

"ಅಲ್ಲ. ವೇಲ್ಸಿನ ಫೆಸ್ಟಿನಿಯೋಗ್ ರೈಲ್ವೆಯಲ್ಲಿ ಕುದುರೆಯಾಗೋದು."

ಸೀನನಿಗೆ ರೈಲಿನ ಹುಚ್ಚು. ಶುರು ಮಾಡಿದರೆ ಚೈನ್ ಎಳೆದರೂ ನಿಲ್ಲುವುದಿಲ್ಲ. 1836ರಲ್ಲಿ ಓಡಲು ತೊಡಗಿದ ಆ ನ್ಯಾರೋ ಗೇಜ್ ಹಳಿಯ ಅಗಲ ಎರಡು ಅಡಿಗೆ ಅರ್ಧ ಇಂಚು ಕಮ್ಮಿ ಎಂದು ಟೇಬಲ್ ಮೇಲೆ ಎರಡು ಚಮಚ ಇಟ್ಟು ತೋರಿಸಿದ. ಪದ್ದಣ್ಣ ತನ್ನ ಸೊಂಟ ನೋಡಿಕೊಂಡು ಚಮಚಗಳನ್ನು ಮೆಲ್ಲಗೆ ದೂರ ಸರಿಸಿದ.

"ಮುಟ್ಟಬೇಡ, ಬ್ರಾಡ್ ಗೇಜ್ ಆಗುತ್ತೆ!"

"ಅಷ್ಟು ಕಿರಿದು ಯಾಕೋ? ಜಿಪುಣತನವಾ?" ಎಂದೆ.

"ಅದೂ ಇತ್ತು. ಆದರೆ ಗುಡ್ಡದ ಮಗ್ಗುಲಲ್ಲೇ ಹಳಿ ಹೋಗಬೇಕಲ್ವಾ? ಬಂಡೆ ಸಿಕ್ಕಲ್ಲೆಲ್ಲ ಗಕ್ಕನೆ ತಿರುಗಬೇಕು. ಹಳಿ ಕಿರಿದಾದಷ್ಟೂ ತಿರುವು ಸಲೀಸು."

ಮೇಲೆ ಬ್ಲೈನಾಯ್ ಫೆಸ್ಟಿನಿಯೋಗ್‌ನಲ್ಲಿ ಸ್ಲೇಟ್ ಕಲ್ಲಿನ ಗಣಿ. ಕೆಳಗೆ ಸುಮಾರು 13 ಮೈಲಿ ದೂರದಲ್ಲಿ ಪೋರ್ತ್‌ಮಡೋಗ್ ಬಂದರು. ಜೇಮ್ಸ್ ಸ್ಪೂನರ್ ಎಂಬ ಎಂಜಿನಿಯರ್ ಹಾದಿಯ ಬಹುಪಾಲನ್ನು ಸಮನಾದ ಇಳಿಜಾರಾಗಿಯೇ ಗುರುತು ಹಾಕಿದ್ದ. ಕಲ್ಲು ತುಂಬಿದ ಗಾಡಿಗಳು ತಮ್ಮ ಭಾರಕ್ಕೇ ಉರುಳಿ ಬರುತ್ತಿದ್ದವು. ಬ್ರೇಕ್ ಹಿಡಿಯುವವರು ಜಾಗ್ರತೆಯಾಗಿದ್ದರೆ ಸಾಕು.

"ಕುದುರೆ ಎಲ್ಲಿ ಬಂತು?"

"ಅದೇ ಮಜಾ! ಖಾಲಿ ಗಾಡಿ ಮೇಲಕ್ಕೆ ಎಳೆಯೋಕೆ ಕುದುರೆ ಬೇಕು. ಹಾಗಾಗಿ ಇಳಿಯುವಾಗ ಅದಕ್ಕೂ ಒಂದು ಡಬ್ಬಿ. ಡ್ಯಾಂಡಿ ಅಂತ ಹೆಸರು. ಹುಲ್ಲು ಜಗಿಯುತ್ತಾ, ಗಾಳಿ ಕುಡಿಯುತ್ತಾ, ಸುಮ್ನೆ ನಿಂತು ಬರೋದು!"

"ಟಿಕೆಟ್?" ಪದ್ದಣ್ಣನಿಗೆ ಸಿಟ್ಟೇ ಬಂತು. "ನಾನು ತತ್ಕಾಲ್‌ನಲ್ಲೂ ಬಾತ್ರೂಮ್ ಪಕ್ಕ ನಿಂತು ಬಂದಿದ್ದೀನಿ."

"ಇಳಿಯೋಕೆ ಒಂದೂವರೆ ಗಂಟೆ. ಹತ್ತೋಕೆ ಸುಮಾರು ಆರು ಗಂಟೆ. ಅದನ್ನೂ ನೋಡು."

"ಓಹೋ, ಹಾಗಾದ್ರೆ ಸರಿ ಬಿಡು" ಎಂದು ಪದ್ದಣ್ಣ ತಣ್ಣಗಾದ.

ಆ ನೌಕರಿಯೂ ಉಳಿಯಲಿಲ್ಲ. ಇಷ್ಟು ಕಿರಿದಾದ ಹಳಿಗೆ ಉಗಿ ಎಂಜಿನ್ ಆಗದ ಮಾತು ಎಂದು ಬಲ್ಲವರು ತಲೆ ಆಡಿಸುತ್ತಿದ್ದರೂ 1863ರಲ್ಲಿ ಎಂಜಿನ್ ಬಂದೇಬಿಟ್ಟಿತು. 1869ರಲ್ಲಿ ಬಂದ 'ಲಿಟಲ್ ವಂಡರ್'ಗೆ ಎರಡೂ ತುದಿಯಲ್ಲಿ ಹೊಗೆ ಕೊಳವೆ. ಥೇಟ್ ಎರಡು ತಲೆ ಹಾವು. ಅದನ್ನು ನೋಡಲು ಮರುವರ್ಷ ರಷ್ಯಾದಿಂದೆಲ್ಲ ಜನ ಬಂದಿದ್ದರು. ಕುದುರೆಯನ್ನು ಯಾರು ಕೇಳ್ತಾರೆ?

"ನಮ್ಮ ದೇಶದಲ್ಲಿ ಇಂಥದ್ದಿರಲಿಲ್ವಾ?"

"1862ರಲ್ಲೇ ಇತ್ತು. ಬರೋಡಾದ ಗಾಯಕವಾಡರು ಡಭೋಯಿಯಲ್ಲಿ ಎರಡೂವರೆ ಅಡಿ ಹಳಿ ಹಾಕಿಸಿದ್ರು. ಎಳೆದಿದ್ದು ಎತ್ತು."

"ಎತ್ತಿಗೆ ಡಬ್ಬಿ?"

"ಗುಜರಾತಿನ ಬಯಲಲ್ಲಿ ಇಳಿಜಾರು ಎಲ್ಲಿಂದ ತರೋದು? ಹೋಗ್ತಾನೂ ಎಳೆಯೋದು, ಬರ್ತಾನೂ ಎಳೆಯೋದು."

ಅಷ್ಟರಲ್ಲಿ ಬಿಲ್ ಬಂತು. ಪದ್ದಣ್ಣ ಕೈ ತೊಳೆಯಲು ಎದ್ದ. ಸೀನನಿಗೆ ಆಗಲೇ ಫೋನ್ ಬರಬೇಕಾ!

"ಡಭೋಯಿ ಎತ್ತೇ, ಎಷ್ಟಾಯ್ತೋ ಕೊಡು" ಎಂದು ಬಾಗಿಲಿನಿಂದಲೇ ಕೂಗಿ ಇಬ್ಬರೂ ಮೆಟ್ಟಿಲು ಇಳಿದರು. ಇಳಿಜಾರು ನೋಡಿ.